ಹೆಗಲು ಮುಟ್ಟಿಕೊಂಡಿದ್ದು ಯಾವಾಗ? ಕ್ವಿಜ್ ಶೋ, ಕೆಮ್ಮು, ಕತ್ತರಿ

ಗಾಂಧಿಬಜಾರ್_ಕಾಫಿ:

ಸ್ವಲ್ಪ ಉದ್ದದ ಕಥೆ. ಪುರುಸೊತ್ತಿದ್ದವರು ಓದಿ.

ನಮ್ಮ ಚಿಕ್ಕಪ್ಪ ಕೆಲವು ವರ್ಷದ ಹಿಂದೆ ಟಿವಿಯ ಒಂದು ಕ್ವಿಜ್ ಶೋಗೆ ಹೋಗಿದ್ದರು. ಯಾವ ಚಾನೆಲ್ ಅಂತ ಕೇಳಬೇಡಿ, ಹೇಳುವುದಿಲ್ಲ. ಕೋಟಿ ಗೀಟಿ ಏನೂ ಇರಲಿಲ್ಲ. ಗೆದ್ದರೆ ಒಂದು ಮಿಕ್ಸಿ, ಒಂದಿಷ್ಟು ಗಿಫ್ಟ್ ವೋಚರ್. ಚಿಕ್ಕಪ್ಪ ಬ್ಯಾಂಕ್‌ನಲ್ಲಿದ್ದು ರಿಟೈರ್ ಆದವರು. ಬೆಳಗ್ಗೆ ಎರಡು ಪೇಪರ್ ಓದಿ ಪದಬಂಧವನ್ನು ಪೆನ್ನಿನಲ್ಲೇ ತುಂಬುವ ಪೈಕಿ. ಊರಾಚೆಯ ಸ್ಟುಡಿಯೊಗೆ ಏಳು ಗಂಟೆಗೆಲ್ಲ ಬನ್ನಿ ಅಂದಿದ್ದರು. ಇವರ ಸರದಿ ಬಂದಾಗ ಸಂಜೆ ಐದು.

ಒಂದು ಪ್ರಶ್ನೆ: ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು? ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ "ಕುವೆಂಪು, 1967, ಶ್ರೀ ರಾಮಾಯಣ ದರ್ಶನಂ" ಅಂತ ವರ್ಷ ಸಮೇತ ಒಪ್ಪಿಸಿಬಿಟ್ಟೆ ಅನ್ನುತ್ತಾರೆ.

ಮೂರು ವಾರ ಬಿಟ್ಟು ಪ್ರಸಾರ ಆಯಿತು. ಮನೆಮಂದಿಯೆಲ್ಲ ಸೇರಿದ್ದೆವು, ಕೇಸರಿಬಾತ್ ಆಗಿತ್ತು. ಪ್ರಶ್ನೆ ಬಂತು. ಚಿಕ್ಕಪ್ಪ ಚಾವಣಿ ನೋಡಿದರು. ಕರ್ಚೀಫ್ ತೆಗೆದು ಹಣೆ ಒರೆಸಿಕೊಂಡರು. ಢಂ ಢಂ ಅಂತ ಮ್ಯೂಸಿಕ್. ನೀರು ಕುಡಿದರು. ನಿರೂಪಕಿ ಅಯ್ಯೋ ಪಾಪ ಅನ್ನೋ ಮುಖ ಮಾಡಿದರು. ಜಾಹೀರಾತು ಬಂತು, ಹೋಯಿತು. ಆಮೇಲೆ ಚಿಕ್ಕಪ್ಪನ ಬಾಯಲ್ಲಿ "ಕುವೆಂಪು". ವರ್ಷವೂ ಇಲ್ಲ, ಕೃತಿಯೂ ಇಲ್ಲ.

ಫೋನ್ ಶುರುವಾಯಿತು. ಮೈಸೂರಿನ ಅತ್ತೆ, "ಏನೋ, ಕುವೆಂಪು ಹೆಸರು ನೆನಪಾಗೋಕೆ ನೀರು ಕುಡೀಬೇಕಾಯ್ತಾ ನಿಂಗೆ?" ಅಂದುಬಿಟ್ಟರು. ಚಿಕ್ಕಪ್ಪ ಎರಡು ದಿನ ವಾಕಿಂಗ್‌ಗೇ ಹೋಗಲಿಲ್ಲ.

ಹಿಡಿದದ್ದು ನನ್ನ ಕಸಿನ್ ಮಗಳು, ಆಗ ಎಂಟನೇ ಕ್ಲಾಸು. ಫೋನ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಪ್ರಶ್ನೆ ಕೇಳುವಾಗ ಲೋಟದ ತುಂಬ ನೀರು. ಹಣೆ ಒರೆಸಿಕೊಳ್ಳುವಾಗ ಅರ್ಧ. "ಕುವೆಂಪು" ಅನ್ನುವಾಗ ಮತ್ತೆ ತುಂಬಿದೆ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಆ ಗಾದೆ ನಡೆಯುವುದೇ ಒಂದರ ಹಿಂದೆ ಒಂದು ಆದಾಗ. ಕಳ್ಳ ಅಂದಿದ್ದು ಸಂಜೆ, ಅವನು ಹೆಗಲು ಕೆರೆದುಕೊಂಡಿದ್ದು ಬೆಳಗ್ಗೆ. ಎರಡನ್ನೂ ತಂದು ಅಂಟಿಸಿದರೆ? ಕಳ್ಳ ರೆಡಿ.

ಅಂದಿನಿಂದ ಆ ಬ್ರಿಟನ್‌ನ ಕೆಮ್ಮಿನ ಮೇಜರ್ ವಿಡಿಯೊ ನೋಡಿದಾಗೆಲ್ಲ ನನಗೆ ಕಿರಿಕಿರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕೋಟ್ಯಧಿಪತಿಗೆಲ್ಲ ಮೂಲವಾದ ಅಲ್ಲಿನ ಮಿಲಿಯನೇರ್ ಶೋನಲ್ಲಿ 2001ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಇಂಗ್ರಾಮ್ ಅನ್ನೋ ಸೇನೆಯ ಮೇಜರ್ 10 ಲಕ್ಷ ಪೌಂಡ್ ಗೆದ್ದರು. ದುಡ್ಡು ಕೈಗೆ ಸಿಗಲಿಲ್ಲ. ಎಲ್ಲ ಆಯ್ಕೆಗಳನ್ನೂ ಬಾಯಲ್ಲಿ ಜಪ ಮಾಡುತ್ತಿದ್ದರು, ಸರಿ ಉತ್ತರ ಬಂದಾಗ ಹಿಂದೆ ಕೂತಿದ್ದ ಟೆಕ್ವೆನ್ ವಿಟಾಕ್ ಅನ್ನೋ ಕಾಲೇಜು ಮೇಷ್ಟ್ರು ಕೆಮ್ಮುತ್ತಿದ್ದರು ಅಂತ ಆರೋಪ. 2003ರ ಏಪ್ರಿಲ್‌ನಲ್ಲಿ ಲಂಡನ್‌ನ ಸದಕ್ ಕ್ರೌನ್ ಕೋರ್ಟ್ ಮೇಜರ್, ಹೆಂಡತಿ ಡಯಾನಾ, ವಿಟಾಕ್ ಮೂವರೂ ತಪ್ಪಿತಸ್ಥರು ಅಂದಿತು. ಗಂಡ ಹೆಂಡತಿಗೆ 18 ತಿಂಗಳು, ವಿಟಾಕ್‌ಗೆ 12 ತಿಂಗಳು, ಮೂರೂ ಅಮಾನತು ಶಿಕ್ಷೆ. ಜೈಲಿಗೆ ಹೋಗಲಿಲ್ಲ.

ನಾನು ಕೇಳುವುದು ಇಷ್ಟೇ. ಕೋರ್ಟ್‌ನಲ್ಲಿ ಹಾಕಿದ ಟೇಪು ಶೋ ಮಾಡಿದ ಸಂಸ್ಥೆಯೇ ಕೆಮ್ಮು ಚೆನ್ನಾಗಿ ಕೇಳುವ ಹಾಗೆ ತಯಾರು ಮಾಡಿದ್ದು. ದುಡ್ಡು ಕೊಡಬೇಕಾದವರೇ ಸಾಕ್ಷಿಯನ್ನೂ ಕುಯ್ದು ಹೊಲಿದು ಕೊಟ್ಟರೆ ಎಷ್ಟು ನಂಬಬೇಕು?

ಬಜರ್_ಭೂಪ:

ಚಿಕ್ಕಪ್ಪನಿಗೆ ನನ್ನ ಸಂತಾಪ. ಆದರೆ ಮೇಜರ್ ಸಾಹೇಬರಿಗೆ ಇಲ್ಲ.

ಕೊನೇ ಪ್ರಶ್ನೆ ನೋಡಿ. ಒಂದರ ಮುಂದೆ ನೂರು ಸೊನ್ನೆ ಇರುವ ಸಂಖ್ಯೆಗೆ ಏನಂತಾರೆ? ಆಯ್ಕೆಗಳು ಗೂಗಾಲ್, ಮೆಗಾಟ್ರಾನ್, ಗಿಗಾಬಿಟ್, ನ್ಯಾನೊಮೋಲ್. ನಮ್ಮೂರಿನ ಕ್ವಿಜ್ ಹುಡುಗರಿಗೆ ಇದು ನಿದ್ದೆಗಣ್ಣಲ್ಲೂ ಬರುವ ಉತ್ತರ. ಇವರು ನ್ಯಾನೊಮೋಲ್ ಇರಬೇಕು ಅಂತ ಶುರು ಮಾಡಿ, ಗೂಗಾಲ್ ಕೇಳೇ ಇಲ್ಲ ಅಂದು, ಕೊನೆಗೆ ಅದಕ್ಕೇ 10 ಲಕ್ಷ ಕಟ್ಟಿದರು. ಅದರ ಹಿಂದಿನದು, ಬ್ಯಾರನ್ ಹೌಸ್ಮನ್ ಯಾವ ಊರಿನ ಯೋಜನೆಗೆ ಹೆಸರುವಾಸಿ? ಮೊದಲು ಬರ್ಲಿನ್ ಅಂದರು. ಆಮೇಲೆ ಪ್ಯಾರಿಸ್‌ಗೆ ಹಾರಿದರು. ಕೇಳೇ ಇಲ್ಲದ ಹೆಸರಿಗೆ ಅಷ್ಟು ದುಡ್ಡು ಪಣಕ್ಕಿಡುವವರು ಯಾರು ಗುರೂ?

ಇನ್ನೊಂದು ವಿಷಯ. ಅನುಮಾನ ಎಡಿಟಿಂಗ್ ರೂಮಿನಲ್ಲಿ ಹುಟ್ಟಿದ್ದಲ್ಲ. ಆ ರಾತ್ರಿಯೇ ಸಿಬ್ಬಂದಿಗೆ ಬಂದಿತ್ತು. ಅದೇ ಸಾಲಿನಲ್ಲಿ ಕೂತಿದ್ದ ಇನ್ನೊಬ್ಬ ಸ್ಪರ್ಧಿಯೂ ಕೋರ್ಟ್‌ಗೆ ಬಂದು ಕೆಮ್ಮು ಗಮನಿಸಿದ್ದೆ ಅಂತ ಹೇಳಿದರು.

ಹಾಗೇ ಒಂದು ಮಾತು: ಚಂದನದ 'ಥಟ್ ಅಂತ ಹೇಳಿ' 2002ರಿಂದ ನಡೀತಿದೆ. ಬಹುಮಾನ ಪುಸ್ತಕ. ಅಲ್ಲಿ ಯಾರಾದರೂ ಕೆಮ್ಮಿ ಸಿಕ್ಕಿಬಿದ್ದರಾ? ಪುಸ್ತಕಕ್ಕೆ ಯಾರು ಸ್ವಾಮಿ ಕೆಮ್ಮುತ್ತಾರೆ?

ಧೂಳು_ಅಲರ್ಜಿ:

ವಿಟಾಕ್ ತನಗೆ ಹೇ ಫೀವರ್, ಧೂಳಿನ ಅಲರ್ಜಿ ಅಂತ ಕೋರ್ಟ್‌ನಲ್ಲಿ ಹೇಳಿದ್ದರು. ನಾನು ಬೆಂಗಳೂರಿಗೆ ಬಂದ ಮೂರನೇ ವರ್ಷದಿಂದ ಕೆಮ್ಮುತ್ತಿದ್ದೇನೆ. ಮೆಟ್ರೊ ಕಾಮಗಾರಿ ಧೂಳು ಒಂದು ಕಡೆ, ಖಾಲಿ ಸೈಟ್‌ನ ಪಾರ್ಥೇನಿಯಂ ಇನ್ನೊಂದು ಕಡೆ. ಸ್ಟುಡಿಯೊ ಎಸಿಯಲ್ಲಿ ಕೂರಿಸಿದರೆ ಎಲ್ಲ ಆಯ್ಕೆಗೂ ಒಂದೊಂದು ಕೆಮ್ಮು ಗ್ಯಾರಂಟಿ. ನನ್ನನ್ನು ಯಾವ ಕ್ವಿಜ್‌ಗೂ ಪ್ರೇಕ್ಷಕನಾಗಿ ಕರೆಯಬೇಡಿ, ಎಲ್ಲರೂ ಒಳಗೆ ಹೋಗುತ್ತೀರಿ.

ಟೈಮ್‌ಲೈನ್_ರಿಪೇರಿ:

14 ವರ್ಷದಿಂದ ಟಿವಿ ಎಡಿಟಿಂಗ್ ಮಾಡುತ್ತಿದ್ದೇನೆ. ಗಾಂಧಿಬಜಾರ್ ಸರ್, ನಿಮ್ಮ ಚಿಕ್ಕಪ್ಪನ ಶೋ ನನ್ನದಲ್ಲ. ಆದರೆ ಅದೇ ಕೆಲಸವನ್ನು ಎಷ್ಟೋ ಚಿಕ್ಕಪ್ಪಂದಿರಿಗೆ ನಾನೂ ಮಾಡಿದ್ದೇನೆ. ಕ್ಷಮೆ ಇರಲಿ.

ಹೇಗೆ ಅಂತ ಹೇಳುತ್ತೇನೆ. ಅರ್ಧ ಗಂಟೆ ಸ್ಲಾಟ್ ಅಂದರೆ ಜಾಹೀರಾತು ಕಳೆದು ನಾವು ತುಂಬಬೇಕಾದ್ದು ಸುಮಾರು 22 ನಿಮಿಷ. ಬ್ರೇಕ್‌ಗೆ ಮುಂಚೆ ಏನಾದರೂ ಒಂದು ತೂಗುತ್ತಿರಬೇಕು. ಪಟ್ಟಂತ ಉತ್ತರ ಹೇಳುವ ಸ್ಪರ್ಧಿ ಅಂದರೆ ನಮಗೆ ತಲೆನೋವು. ಆಗ ಏನು ಮಾಡುತ್ತೇವೆ? ಬೇರೆ ಹೊತ್ತಿನ ಮುಖ ಹುಡುಕುತ್ತೇವೆ.

ಆ ಮುಖ ಎಲ್ಲಿ ಸಿಗುತ್ತೆ ಗೊತ್ತಾ? ಸ್ಪರ್ಧಿಯನ್ನು ಕೂರಿಸಿ ಕಾಲರ್‌ಗೆ ಮೈಕ್ ಸಿಕ್ಕಿಸುವಾಗ. "ಸುಮ್ನೆ ಕೂತಿರಿ ಸರ್, ಲೈಟ್ ಸರಿ ಮಾಡ್ತಿದ್ದೀವಿ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಕ್ಯಾಮೆರಾ ಓಡುತ್ತಿರುತ್ತೆ. ಬಿಸಿ ಲೈಟ್ ಕೆಳಗೆ ಕೂತವರು ಹಣೆ ಒರೆಸಿಕೊಳ್ಳುತ್ತಾರೆ, ಮೇಲೆ ಲೈಟ್ ಕಡೆ ನೋಡುತ್ತಾರೆ, ನೀರು ಕುಡಿಯುತ್ತಾರೆ. ಚಿನ್ನದಂಥ ಫುಟೇಜ್! ಪ್ರೇಕ್ಷಕರದ್ದಂತೂ ಬಿಡಿ. ಫ್ಲೋರ್ ಮ್ಯಾನೇಜರ್ ಬೆಳಗ್ಗೆಯೇ ನಿಂತು ಚಪ್ಪಾಳೆ, ನಗು, ಗಾಬರಿ ಮೂರನ್ನೂ ಒಟ್ಟಿಗೆ ತೆಗೆಸಿಬಿಡುತ್ತಾರೆ. ನಿರೂಪಕಿಯ ಅಯ್ಯೋ ಪಾಪ ಮುಖ ಇನ್ಯಾರದೋ ಸೋಲಿಗೆ ಮಾಡಿದ್ದಿರಬೇಕು.

ಮಾತು ತುಂಡರಿಸಿದ್ದು ಗೊತ್ತಾಗಬಾರದು ಅಂದರೆ ಅಲ್ಲಿ ಬೇರೆಯವರ ಮುಖ ಹಾಕುತ್ತೇವೆ. "ಕುವೆಂಪು" ಆದಮೇಲೆ ನಿರೂಪಕಿ ಮುಖ ಬಂತಾ ನೋಡಿ. ಬಂದಿದ್ದರೆ ಅದರ ಅಡಿಯಲ್ಲೇ 1967 ಹೂತಿದೆ.

ಈಗ ಕೆಮ್ಮಿಗೆ ಬರೋಣ. ಸ್ಪರ್ಧಿಯ ಮೈಕ್ ಒಂದು ಟ್ರ್ಯಾಕ್, ನಿರೂಪಕರದ್ದು ಒಂದು, ಪ್ರೇಕ್ಷಕರ ಕಡೆಯದ್ದು ಬೇರೆ. ಮಾಮೂಲಿ ಮಿಕ್ಸ್‌ನಲ್ಲಿ ಪ್ರೇಕ್ಷಕರ ಟ್ರ್ಯಾಕ್ ತಗ್ಗಿಸಿರುತ್ತೇವೆ, ಚಪ್ಪಾಳೆಗೆ ಮಾತ್ರ ಏರಿಸುತ್ತೇವೆ. ಕೆಮ್ಮಿರುವ ಜಾಗದಲ್ಲಿ 12 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಸುಮಾರು ನಾಲ್ಕು ಪಟ್ಟು ಆಗುತ್ತೆ. ಸುಳ್ಳು ಒಂದೂ ಸೇರಿಸಿಲ್ಲ. ಕೆಮ್ಮು ನಿಜವಾದ್ದೇ, ಹೊತ್ತೂ ನಿಜವಾದ್ದೇ. ಆದರೂ ಕೇಳುವವನಿಗೆ ಇಡೀ ರೂಮಿನಲ್ಲಿ ಅದೊಂದೇ ಕೆಮ್ಮು ಇದ್ದ ಹಾಗೆ ಕೇಳುತ್ತೆ.

ಆ ರೆಕಾರ್ಡಿಂಗ್‌ನಲ್ಲಿ ಒಟ್ಟು 192 ಕೆಮ್ಮು ಎಣಿಸಿದ್ದರು. ಅದರಲ್ಲಿ 19 ಮಾತ್ರ ಮುಖ್ಯ ಅಂದರು. ಮಿಕ್ಕ 173ನ್ನೂ ಅದೇ ಗಟ್ಟಿಯಲ್ಲಿ ಏರಿಸಿ ಕೇಳಿಸಿದರೆ ನಿಮಗೆ ಏನನ್ನಿಸುತ್ತಿತ್ತು? ನನಗೆ ಬೇಕಾದ್ದು ಆ ಟೇಪು.

ಎದುರಿಗೇ ಕೂತಿದ್ದ ನಿರೂಪಕ ಕ್ರಿಸ್ ಟಾರಂಟ್‌ಗೆ ಆ ರಾತ್ರಿ ಅನುಮಾನವೇ ಬಂದಿರಲಿಲ್ಲ. ಮನೆಯಲ್ಲಿ ಕೂತ ನಮಗೆ ಮಾತ್ರ ಮೊದಲ ಸಲಕ್ಕೇ ಸಿಡಿಲಿನ ಹಾಗೆ ಕೇಳಿಸುತ್ತೆ.

ವಿಜಯನಗರ_ವಾಣಿ:

ಅಣ್ಣ, ಎಲ್ಲ ಕತ್ತರಿ ಮೇಲೆ ಹಾಕಬೇಡಿ. ಕತ್ತರಿಯೇ ಇಲ್ಲದ ಕಾಲದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡ ಮೋಸ.

1956ರ ಅಮೆರಿಕ, ಎನ್‌ಬಿಸಿಯ 'ಟ್ವೆಂಟಿ ಒನ್'. ನೇರ ಪ್ರಸಾರ. ಸ್ಪರ್ಧಿಯನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಹೊರಗಿನ ಸದ್ದು ಕೇಳದ ಹಾಗೆ ಮಾಡುತ್ತಿದ್ದರು. ಕೆಮ್ಮಿದರೂ ಉಪಯೋಗ ಇಲ್ಲ. ಆದರೆ ನಿರ್ಮಾಪಕ ಡ್ಯಾನ್ ಎನ್‌ರೈಟ್ ಉತ್ತರಗಳನ್ನು ಮೊದಲೇ ಕೊಟ್ಟಿರುತ್ತಿದ್ದ. ಹರ್ಬ್ ಸ್ಟೆಂಪೆಲ್ ಅನ್ನೋ ಸ್ಪರ್ಧಿಗೆ ಉತ್ತರದ ಜೊತೆ ನಟನೆಯನ್ನೂ ಹೇಳಿಕೊಟ್ಟರು. ಮೈಗೆ ಸರಿಹೊಂದದ ಹಳೇ ಸೂಟು ಹಾಕು, ಬೆವರನ್ನು ಹೀಗೆ ಒತ್ತಿ ಒರೆಸಿಕೋ. ಜನಕ್ಕೆ ಸಾಕಾದ ಮೇಲೆ ಸೋಲು ಅಂದರು. ಅದೂ ಹಿಂದಿನ ವರ್ಷದ ಆಸ್ಕರ್ ಯಾವ ಚಿತ್ರಕ್ಕೆ ಅನ್ನೋ ಪ್ರಶ್ನೆಗೆ. ಉತ್ತರ 'ಮಾರ್ಟಿ'. ಪಾಪ, ಆತ ಅದನ್ನು ಮೂರು ಸಲ ನೋಡಿದ್ದ! ಗೊತ್ತಿದ್ದೂ ತಪ್ಪು ಹೇಳಿ ಎದ್ದುಹೋದ. ಗೆದ್ದ ಮೇಷ್ಟ್ರು ಚಾರ್ಲ್ಸ್ ವ್ಯಾನ್ ಡೋರೆನ್ 1,29,000 ಡಾಲರ್ ಸಂಪಾದಿಸಿ ದೇಶದ ಕಣ್ಮಣಿಯಾದರು. 1959ರಲ್ಲಿ ಅಲ್ಲಿನ ಸಂಸತ್ ಸಮಿತಿ ಮುಂದೆ ಎಲ್ಲ ಒಪ್ಪಿಕೊಂಡರು. 1960ರಲ್ಲಿ ಕಾನೂನೇ ಬಂತು.

ನನಗೆ ಇಷ್ಟ ಆಗುವುದು ಜೇಮ್ಸ್ ಸ್ನಾಡ್‌ಗ್ರಾಸ್ ಅನ್ನೋ ಕಲಾವಿದನ ಬುದ್ಧಿ. ಆತನೂ ಆ ಶೋ ಸ್ಪರ್ಧಿ. ತನಗೆ ಹೇಳಿಕೊಟ್ಟ ಪ್ರಶ್ನೆ ಉತ್ತರ ಎಲ್ಲ ಬರೆದು, ಶೋಗೆ ಮುಂಚೆಯೇ ತನ್ನ ವಿಳಾಸಕ್ಕೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡ. ಬಂದ ಲಕೋಟೆ ಒಡೆಯಲೇ ಇಲ್ಲ. ವಿಚಾರಣೆ ಬಂದಾಗ ಮೊಹರಿನ ಸಮೇತ ಕೊಟ್ಟ. ಮೊಹರಿನ ಮೇಲೆ ದಿನಾಂಕ. ಇನ್ನೇನು ಬೇಕು? ಕೆಮ್ಮು ಎಣಿಸೋ ತಾಪತ್ರಯ ಇಲ್ಲ, ಟೇಪ್ ಹಿಂದೆ ಮುಂದೆ ಓಡಿಸೋ ತಾಪತ್ರಯ ಇಲ್ಲ.

ಬಜರ್_ಭೂಪ:

ಲಕೋಟೆ ಕಥೆ ಸೂಪರ್ ವಾಣಿ ಮೇಡಂ. ಇದಕ್ಕೆ ಉಲ್ಟಾ ಒಂದಿದೆ. 1984ರಲ್ಲಿ ಮೈಕಲ್ ಲಾರ್ಸನ್ ಅಂತ ಒಬ್ಬ ಅಮೆರಿಕದ 'ಪ್ರೆಸ್ ಯುವರ್ ಲಕ್' ಶೋ ಎಪಿಸೋಡ್‌ಗಳನ್ನು ಮನೆಯ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದ. ಅದೃಷ್ಟದ ಬೋರ್ಡ್‌ನ ದೀಪ ಓಡುವುದು ಐದೇ ಐದು ವರಸೆಯಲ್ಲಿ ಅಂತ ಕಂಡುಹಿಡಿದು ಬಾಯಿಪಾಠ ಮಾಡಿದ. ಹೋಗಿ 1,10,237 ಡಾಲರ್ ಹೊಡೆದ. ಚಾನೆಲ್‌ನವರು ತಲೆ ಕೆಡಿಸಿಕೊಂಡರು, ಕೊನೆಗೆ ಮೋಸ ಅಲ್ಲ ಅಂತ ಕೊಟ್ಟರು. ನಿಮ್ಮ ಕಸಿನ್ ಮಗಳ ಲೋಟದ ಹಾಗೇ ಅಲ್ವಾ? ನಿಲ್ಲಿಸಿ ನೋಡುವವರ ಮುಂದೆ ಯಾರೂ ನಿಲ್ಲಲ್ಲ.

ವಕೀಲಿ_ಚೀಲ:

ಸಿಟಿ ಸಿವಿಲ್ ಕೋರ್ಟ್ ಕಾರಿಡಾರ್‌ನಲ್ಲಿ ನಿಂತು ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನಮ್ಮಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಹಳೇ ಕಾಯಿದೆಯ 65ಬಿ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ವಿಡಿಯೊ ಪ್ರತಿ ಹಾಜರು ಮಾಡಿದರೆ ಜೊತೆಗೆ ಸರ್ಟಿಫಿಕೇಟ್ ಬೇಕು. ಅದರಲ್ಲಿ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು ಅಂದುಕೊಳ್ಳಿ. ಒಂದು ಫ್ರೇಮ್ ಬದಲಾದರೂ ಸಂಖ್ಯೆ ಬದಲಾಗುತ್ತೆ.

ಜನ ಇದನ್ನು ಕೇಳಿ ಓಹೋ ಹಾಗಾದರೆ ಮೋಸ ಮಾಡೋಕಾಗಲ್ಲ ಅಂದುಕೊಳ್ಳುತ್ತಾರೆ. ಹ್ಯಾಶ್ ಹಾಕಿದ ಮೇಲೆ ಫೈಲ್ ಬದಲಾಗಿಲ್ಲ ಅಂತ ಮಾತ್ರ ಅದು ಹೇಳೋದು. ಹಾಲಿಗೆ ನೀರು ಬೆರೆಸಿ ಆಮೇಲೆ ಸೀಲ್ ಹಾಕಿದರೆ ಸೀಲೇನೋ ಸರಿಯಾಗೇ ಇರುತ್ತೆ. ಅದಕ್ಕೇ ನಾವು ಎದುರು ಪಾರ್ಟಿಗೆ ಕೇಳುವ ಮೊದಲ ಪ್ರಶ್ನೆ: ಕ್ಯಾಮೆರಾದಿಂದ ಬಂದ ಮೂಲ ಎಲ್ಲಿದೆ, ಅಲ್ಲಿಂದ ಇಲ್ಲಿಗೆ ಯಾರ ಯಾರ ಕೈ ದಾಟಿತು.

ಇಂಗ್ರಾಮ್ ಕೇಸಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಟೇಪ್ ಒಂದನ್ನೇ ಇಟ್ಟುಕೊಂಡು ನಾನು ಶಿಕ್ಷೆ ಕೊಡುತ್ತಿರಲಿಲ್ಲ. ಆದರೆ ಡಯಾನಾ ಮತ್ತು ವಿಟಾಕ್ ಮೊದಲೇ ಫೋನ್‌ನಲ್ಲಿ ಮಾತಾಡಿದ್ದೂ ಕೋರ್ಟ್ ಮುಂದೆ ಬಂದಿತ್ತು. ಡಯಾನಾ, ಆಕೆಯ ಸೋದರ ಇಬ್ಬರೂ ಅದೇ ಶೋನಲ್ಲಿ 32,000 ಪೌಂಡ್ ಗೆದ್ದವರು. ಇವೆಲ್ಲ ಒಟ್ಟಿಗೆ ಬಂದಾಗ ಜ್ಯೂರಿ ಹಾಗೆ ಯೋಚಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಕೇಸ್ ಕರೆದರು, ಬಂದೆ.

ಗಾಂಧಿಬಜಾರ್_ಕಾಫಿ:

ವಕೀಲರೇ, ಮೇಜರ್ ಸಾಚಾ ಅಂತ ನಾನೂ ಹೇಳುತ್ತಿಲ್ಲ. ಪ್ಯಾರಿಸ್ ಬರ್ಲಿನ್ ನೋಡಿದರೆ ನನಗೂ ಅನುಮಾನ ಇದ್ದೇ ಇದೆ. ನನ್ನ ತಕರಾರು ನಮ್ಮ ಮೇಲೆ. ನಾವು ಯಾರೂ ಆ ಶೋವನ್ನು ಶೋ ಥರ ನೋಡಲೇ ಇಲ್ಲ. ಅದು ಮಾಮೂಲಿ ಎಪಿಸೋಡ್ ಆಗಿ ಪ್ರಸಾರ ಆಗಲೇ ಇಲ್ಲ. ತೀರ್ಪು ಬಂದ ಎರಡು ವಾರಕ್ಕೆ, 2003ರ ಏಪ್ರಿಲ್ 21ಕ್ಕೆ, ಐಟಿವಿಯಲ್ಲಿ ಸಾಕ್ಷ್ಯಚಿತ್ರವಾಗಿ ಬಂತು. ಶೀರ್ಷಿಕೆಯಲ್ಲೇ 'ಫ್ರಾಡ್' ಇತ್ತು. ಕಳ್ಳ ಅಂತ ಬೋರ್ಡ್ ಹಾಕಿ ಆಮೇಲೆ ಹೆಗಲು ತೋರಿಸಿದರು. ಯಾರಿಗೆ ತಾನೇ ಬೂದಿ ಕಾಣಿಸಲ್ಲ?

ತಮಾಷೆ ಏನು ಗೊತ್ತಾ? ಅದನ್ನು ನಡೆಸಿಕೊಟ್ಟದ್ದು ಮಾರ್ಟಿನ್ ಬಶೀರ್. 1995ರ ರಾಜಕುಮಾರಿ ಡಯಾನಾ ಸಂದರ್ಶನ ಗಿಟ್ಟಿಸೋಕೆ ನಕಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಮಾಡಿಸಿದ್ದರು ಅಂತ 2021ರಲ್ಲಿ ಲಾರ್ಡ್ ಡೈಸನ್ ವರದಿ ಹೇಳಿತಲ್ಲ, ಅದೇ ಮನುಷ್ಯ. ನಾನು ಇದನ್ನು ಸಾಕ್ಷಿ ಅಂತ ಹೇಳುತ್ತಿಲ್ಲ, ಸುಮ್ನೆ ನೆನಪಾಯಿತು.

ಹೆಗಲಿನ ಗಾದೆಗೆ ಪಕ್ಕಾ ಉದಾಹರಣೆ ಬೇಕಾದರೆ 2007ರದ್ದು ನೋಡಿ. ಬಿಬಿಸಿ ಪತ್ರಕರ್ತರಿಗೆ ರಾಣಿ ಎಲಿಜಬೆತ್ ಮೇಲಿನ ಒಂದು ಕಾರ್ಯಕ್ರಮದ ತುಣುಕು ತೋರಿಸಿತು. ಫೋಟೊ ತೆಗೆಯುವವರು ಕಿರೀಟ ತೆಗೆಯಿರಿ ಅನ್ನುತ್ತಾರೆ. ಮುಂದಿನ ಶಾಟ್‌ನಲ್ಲಿ ರಾಣಿ ಸಿಡಿಮಿಡಿ ಮಾಡುತ್ತ ಬಿರಬಿರನೆ ನಡೆಯುತ್ತಾರೆ. ಎಲ್ಲರೂ ರಾಣಿ ಕೋಪಿಸಿಕೊಂಡು ಎದ್ದುಹೋದರು ಅಂದರು. ನಿಜ ಏನೆಂದರೆ ಆ ನಡೆದದ್ದು ಒಳಗೆ ಬರುವಾಗ! ಮುಂಚೆ ಆದದ್ದನ್ನು ಆಮೇಲೆ ಅಂಟಿಸಿದ್ದರು. ಬಿಬಿಸಿ ಕ್ಷಮೆ ಕೇಳಿತು, ಬಿಬಿಸಿ ಒನ್ ಮುಖ್ಯಸ್ಥ ಪೀಟರ್ ಫಿಂಚಮ್ ರಾಜೀನಾಮೆ ಕೊಟ್ಟರು. ರಾಣಿಗೇ ಹೀಗಾದರೆ ಮಿಕ್ಸಿಗೆ ಹೋದ ಚಿಕ್ಕಪ್ಪನ ಗತಿ ಏನು.

ಬಜರ್_ಭೂಪ:

ರಾಣಿ ವಿಷಯ ಒಪ್ಪಿದೆ. ಒಂದು ಮಾತು ನನ್ನ ವಿರುದ್ಧವೇ ಹೇಳಿಕೊಳ್ಳುತ್ತೇನೆ. ಇಲ್ಲಿ ಕೆಕ್ಯೂಎ, ಅಂದರೆ ಕರ್ನಾಟಕ ಕ್ವಿಜ್ ಅಸೋಸಿಯೇಷನ್, 1983ರಿಂದ ಇದೆ. ಆ ಥರದ ಓಪನ್ ಕ್ವಿಜ್‌ಗಳಲ್ಲಿ ಕೂತವರಿಗೆ ಗೊತ್ತು. ಸ್ಟೇಜ್ ಮೇಲಿನ ಟೀಮ್ ಜೋರಾಗಿ ಯೋಚಿಸುವಾಗ ಸರಿ ಉತ್ತರದ ಹತ್ತಿರ ಬಂದರೆ ಸಭೆಯಲ್ಲಿ ಏನೋ ಒಂದು ಆಗುತ್ತೆ. ಯಾರೋ ಉಸಿರು ಎಳೆಯುತ್ತಾರೆ, ಯಾರೋ ಕುರ್ಚಿ ಕಿರ್ರ್ ಅನ್ನಿಸುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಯಾರೂ ಬೇಕಂತ ಮಾಡಲ್ಲ. ಉತ್ತರ ಗೊತ್ತಿರುವವನಿಗೆ ತಡೆಯೋಕಾಗಲ್ಲ. ಚುರುಕಾದ ಟೀಮ್ ಅದನ್ನು ಹಿಡಿದುಬಿಡುತ್ತೆ. ನಾನೂ ಹಿಡಿದಿದ್ದೇನೆ, ಎರಡು ಸಲ ಪಾಯಿಂಟ್ ತಗೊಂಡಿದ್ದೇನೆ. ಅದು ಮೋಸವಾ? ಇವತ್ತಿಗೂ ಗೊತ್ತಿಲ್ಲ.

ಧೂಳು_ಅಲರ್ಜಿ:

ಎರಡು ಸಲವೂ ಕೆಮ್ಮಿದ್ದು ನಾನೇ ಇರಬೇಕು. ಪಾಯಿಂಟ್ ವಾಪಸ್ ಕೊಡಿ.

ವಿಜಯನಗರ_ವಾಣಿ:

ಕಾಫಿ ಸರ್, ಚಿಕ್ಕಪ್ಪ ಚಾನೆಲ್‌ಗೆ ಬರೆದು ಪೂರ್ತಿ ರೆಕಾರ್ಡಿಂಗ್ ಕೇಳಬಹುದಿತ್ತಲ್ಲ?

ಟೈಮ್‌ಲೈನ್_ರಿಪೇರಿ:

ಸಿಗುವುದು ಕಷ್ಟ ಮೇಡಂ. ಸ್ಪರ್ಧಿಗಳು ಸಹಿ ಹಾಕುವ ಒಪ್ಪಂದದಲ್ಲಿ ಎಡಿಟ್ ಹೇಗೆ ಬೇಕಾದರೂ ಮಾಡಿಕೊಳ್ಳಿ ಅಂತ ಸಾಮಾನ್ಯವಾಗಿ ಬರೆದೇ ಇರುತ್ತೆ. ಬೆಳಗ್ಗೆ ತಿಂಡಿ ಟೋಕನ್ ಜೊತೆ ಕೊಡುತ್ತಾರೆ, ಯಾರೂ ಓದಲ್ಲ. ಅದಿರಲಿ, ಸಣ್ಣ ಶೋಗಳ ಕಚ್ಚಾ ಫುಟೇಜ್ ಜಾಸ್ತಿ ದಿನ ಇಡುವುದೂ ಇಲ್ಲ. ಹಾರ್ಡ್ ಡಿಸ್ಕ್ ಮುಂದಿನ ಶೆಡ್ಯೂಲ್‌ಗೆ ಬೇಕು. ಪ್ರಸಾರ ಆಯಿತಾ, ತಂಟೆ ತಕರಾರು ಬರಲಿಲ್ಲವಾ, ಅಳಿಸಿ ಅಂತಾರೆ. ಅಳಿಸಿದವನು ನಾನೇ ಎಷ್ಟೋ ಸಲ.

ಗಾಂಧಿಬಜಾರ್_ಕಾಫಿ:

ಇವತ್ತು ಸಂಜೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಟೈಮ್‌ಲೈನ್ ಅವರು ಹೇಳಿದ ಹಾಗೇ, "ಕುವೆಂಪು" ಆದ ತಕ್ಷಣ ನಿರೂಪಕಿ ಮುಖ ಬರುತ್ತೆ. ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು. ಮುಖದಲ್ಲಿ ಏನೋ ಸಮಾಧಾನ. ಮೈಸೂರಿಗೆ ಫೋನ್ ಮಾಡು ಅಂದರು.

ಆದರೆ ನೀರಿನ ವಿಷಯಕ್ಕೆ ಬಂದಾಗ ಪಟ್ಟು ಹಿಡಿದರು. ಬೆಳಗ್ಗೆಯೂ ಇಲ್ಲ, ಸಂಜೆಯೂ ಇಲ್ಲ, ನಾನು ಅಲ್ಲಿ ನೀರೇ ಕುಡಿಯಲಿಲ್ಲ, ಯಾವ ನೀರೋ ಏನೋ ಅಂತ ಮುಟ್ಟಲೇ ಇಲ್ಲ, ಬೇರೆ ಯಾರದೋ ಕೈ ಸೇರಿಸಿದ್ದಾರೆ ಅಂದರು. ಕಸಿನ್ ಮಗಳು ಅಲ್ಲೇ ಇದ್ದಳು. ಈಗ ಇಂಜಿನಿಯರಿಂಗ್ ಎರಡನೇ ವರ್ಷ. ವಿಡಿಯೊ ನಿಲ್ಲಿಸಿ ಎರಡು ಬೆರಳಲ್ಲಿ ದೊಡ್ಡದು ಮಾಡಿ ತೋರಿಸಿದಳು. ಲೋಟ ಹಿಡಿದ ಕೈಯಲ್ಲಿ ನವರತ್ನದ ಉಂಗುರ. ಮೂರನೇ ಹರಳು ಬಿದ್ದುಹೋಗಿದೆ.

ಚಿಕ್ಕಪ್ಪ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಚಿಕ್ಕಮ್ಮನಿಗೆ ಕಾಫಿ ಇಡು ಅಂದರು.